ಮುಂದಿನ ಷಿಫ್ಟಿನವರು

ಇವತ್ತು ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಗಾಡಿಯ ಚಾರ್ಜಿಂಗ್ ಪ್ಲಗ್ ಕಿತ್ತೆ. ಬಿಸಿಯಾದ ವೈರಿನ ಸಣ್ಣ ವಾಸನೆ ಬಂತು. ಆ ವಾಸನೆಯೊಂದಿಗೇ ಮುನಿಯಪ್ಪನ ನೆನಪೂ ಬರುತ್ತದೆ.

ಮುನಿಯಪ್ಪ ನಮ್ಮ ಕಾರ್ಖಾನೆಯ ಬ್ಯಾಟರಿ ರೂಮಿನವನು. ಸಾಮಾನು ಸಾಗಿಸುವ ಬ್ಯಾಟರಿ ಟ್ರಕ್ಕುಗಳಿಗೆ ಚಾರ್ಜ್ ಹಾಕುವುದು, ಡಿಸ್ಟಿಲ್ಡ್ ವಾಟರ್ ತುಂಬುವುದು ಅವನ ಕೆಲಸ. ಆಗ ನಾನು ಷಿಫ್ಟ್ ಸೂಪರ್‌ವೈಸರ್. ಆದರೂ ಪೂರ್ತಿ ಚಾರ್ಜ್ ಆಗದ ಟ್ರಕ್ಕನ್ನು ನನಗೂ ಕೊಡುತ್ತಿರಲಿಲ್ಲ. “ಅರ್ಧಂಬರ್ಧ ತೆಗೀಬೇಡಿ ಸಾರ್. ನಮ್ಮದು ಹೆಂಗೋ ಆಯ್ತದೆ, ಮುಂದಿನ ಷಿಫ್ಟ್‌ನೋನು ತಳ್ಕೊಂಡು ಸಾಯ್ಬೇಕು.”

ನಿವೃತ್ತನಾಗಿ ಹನ್ನೆರಡು ವರ್ಷದ ಮೇಲೆ ನಾನೊಂದು ಎಲೆಕ್ಟ್ರಿಕ್ ಜೀಪು ಕೊಂಡೆ. ಬೆಟ್ಟ, ಕೆಸರು, ಹಳ್ಳ ಎಲ್ಲ ದಾಟುತ್ತದೆ ಎಂದಿದ್ದರು ಮಾರಿದವರು. ಆರು ತಿಂಗಳಲ್ಲಿ ಅದು ದಾಟಿದ್ದು ಬೆಂಗಳೂರಿನ ಟಿನ್ ಫ್ಯಾಕ್ಟರಿ ಜಂಕ್ಷನ್ ಮಾತ್ರ. ಆ ಟ್ರಾಫಿಕ್ಕಿನಲ್ಲಿ ಅದೂ ಸಾಹಸವೇ ಅನ್ನಿ. ಮೊದಲ ದಿನವೇ ಡಿಸ್ಟಿಲ್ಡ್ ವಾಟರ್ ಬಾಟಲಿ ಹಿಡಿದು ಬಾನೆಟ್ಟಿನೊಳಗೆ ಬಗ್ಗಿದ್ದೆ. ಹೆಂಡತಿ ಸರೋಜಾ ನೋಡಿದಳು. “ಅದಕ್ಕೆ ಬಾಯಾರಿಕೆ ಆಗಲ್ಲ ಕಣ್ರೀ.”

ಅವಳಿಗಿದ್ದದ್ದು ಒಂದೇ ಆಸೆ: ಕೋಲಾರದ ಬೆಟ್ಟದ ಮೇಲಿಂದ ಸೂರ್ಯ ಮುಳುಗುವುದನ್ನು ನೋಡಬೇಕು. ನಾಲ್ಕು ಭಾನುವಾರ ಹೊರಡಲು ಸಿದ್ಧರಾದೆವು. ನಾಲ್ಕು ಸಲವೂ ಚಾರ್ಜ್ ಮೀಟರ್ ನೂರು ಮುಟ್ಟಲಿ ಎಂದು ನಾನು ಕಾದೆ. ಸೂರ್ಯ ನಮ್ಮ ಕಗ್ಗದಾಸಪುರದ ನೀರಿನ ಟ್ಯಾಂಕುಗಳ ಹಿಂದೆಯೇ ಮುಳುಗಿದ.

ನಿನ್ನೆಯೂ ಭಾನುವಾರ. ಬೆಳಿಗ್ಗೆಯೆಲ್ಲ ಕರೆಂಟ್ ಇರಲಿಲ್ಲ. ಮೂರು ಗಂಟೆಗೆ ಮೀಟರ್ ಎಪ್ಪತ್ತೊಂದು. ಹೋಗಿ ಬರಲು ಅದರ ಅರ್ಧ ಸಾಕು, ನನಗೂ ಗೊತ್ತು. ಆದರೂ ಪೇಪರ್ ಹಿಡಿದು ಕೂತೆ. ಸರೋಜಾ ಕಾಫಿ ಫ್ಲಾಸ್ಕ್ ಹಿಡಿದು, ಚಾರ್ಜ್ ಆಗುತ್ತಿದ್ದ ಗಾಡಿಯೊಳಗೇ ಕೂತು ಬೆಲ್ಟ್ ಹಾಕಿಕೊಂಡಳು.

“ಇನ್ನೂ ತುಂಬಿಲ್ಲ ಕಣೇ.”

“ನಾನಂತೂ ಇಳಿಯಲ್ಲ.”

“ಮುನಿಯಪ್ಪ ಹೇಳ್ತಿದ್ದ...”

“ಗೊತ್ತು ರೀ, ನಲವತ್ತು ವರ್ಷದಿಂದ ಕೇಳ್ತಿದೀನಿ. ಈಗ ಮುಂದಿನ ಷಿಫ್ಟಿಗೆ ಯಾರು ಬರ್ತಾರೆ, ಹೇಳಿ. ನೀವೂ ನಾನೂ ತಾನೇ?”

ಮುನಿಯಪ್ಪನ ನಿಯಮವನ್ನು ಇಷ್ಟು ವರ್ಷ ಪಾಲಿಸಿದೆ. ಅದು ಯಾರಿಗಾಗಿ ಎಂಬುದನ್ನು ಮಾತ್ರ ಮರೆತಿದ್ದೆ. ಎದ್ದು ಪ್ಲಗ್ ಕಿತ್ತೆ.

ಬೆಟ್ಟದ ಕಚ್ಚಾ ದಾರಿಯಲ್ಲಿ ಗಾಡಿ ಸದ್ದಿಲ್ಲದೆ ಹತ್ತಿತು. ಸೂರ್ಯ ಇನ್ನೂ ಒಂದು ಮೊಳ ಮೇಲಿದ್ದ. ಸರೋಜಾ ಕಾಫಿ ಬಗ್ಗಿಸಿ, ಮೊದಲ ಲೋಟ ತಾನೇ ಕುಡಿದಳು.

ಇವತ್ತು ಪ್ಲಗ್ ಕಿತ್ತಾಗ ಮೀಟರ್ ತೊಂಬತ್ತೊಂದರಲ್ಲಿತ್ತು. ಮತ್ತೆ ಚುಚ್ಚಲಿಲ್ಲ. ಸೋಮವಾರ ಗಾಡಿ ತೊಳೆಯುವ ದಿನವಾದ್ದರಿಂದ ಬಕೆಟ್ ನೀರು ತಂದೆ. ಚಕ್ರಗಳಿಗೆ ಮೆತ್ತಿದ ಬೆಟ್ಟದ ಕೆಂಪು ಮಣ್ಣನ್ನು ಸ್ವಲ್ಪ ಹೊತ್ತು ನೋಡಿ, ಆ ನೀರನ್ನು ದಾಸವಾಳದ ಗಿಡಕ್ಕೆ ಸುರಿದು ಒಳಗೆ ಬಂದೆ.