ಕಪ್ಪು ಬಿಳಿ ದಾರ

ಶಾಲೆಯಂಗಳದ ಓಟದ ದಾರಿಯಲ್ಲಿ ಅರ್ಧ ಹಿಮ ಗುಡಿಸಿ, ಪೊರಕೆಯ ಹಿಡಿಗೆ ಗದ್ದ ಊರಿ, ಆಗಿನ್ನೂ ಎಳೆಯ ವಯಸ್ಸಿನ ವ್ಯಾಯಾಮ ಶಿಕ್ಷಕಿ, ನಾವೆಲ್ಲ ಎಜೆ ಅಂದರೆ ಅಕ್ಕ ಎನ್ನುವ ಜೂರಾಕಾನ್ ಎಜೆಯವರು ದಣಿವಾರಿಸಿಕೊಳ್ಳುತ್ತಿದ್ದಾಗ ಅಜ್ಜಿ ನನ್ನನ್ನು ಅವರ ಮುಂದೆ ತಂದು ನಿಲ್ಲಿಸಿದರು. ಬೆಟ್ಟಗಳ ನಡುವಿನ ನಮ್ಮ ನರಿನ್ ಪಟ್ಟಣದ ತಾಯಂದಿರಿಗೂ ಅವರ ಹೆಣ್ಣುಮಕ್ಕಳಿಗೂ ಓಟ ಕಲಿಸಿ, ವ್ಯಾಯಾಮದ ತರಗತಿಗೆ ಗಣಿತದಷ್ಟೇ ಗೌರವ ತಂದುಕೊಟ್ಟ ಈ ಹಿರಿಯರು ನಿವೃತ್ತರಾಗುತ್ತಿರುವ ಹೊತ್ತಿನಲ್ಲಿ ನನಗೆ ಮೊದಲು ನೆನಪಾಗುವುದು ಆ ಮುಂಜಾವು.

ನಮ್ಮ ಶಾಲೆಯಲ್ಲಿ ಒಂದು ಕಿಲೋಮೀಟರ್ ಓಡಿ ಮುಗಿಸದವರಿಗೆ ಪ್ರಮಾಣಪತ್ರವಿರಲಿಲ್ಲ. ಅದಿಲ್ಲದೆ ದಾದಿಯರ ಕಾಲೇಜು ನನ್ನನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಾನೋ ಓಡಿದಾಗಲೆಲ್ಲ ಬೀಳುತ್ತಿದ್ದೆ. ಕಾಲಿನಲ್ಲಿ ಏನೂ ದೋಷವಿಲ್ಲವೆಂದು ವೈದ್ಯರು ಹೇಳಿದ್ದರು.

"ಇವಳನ್ನ ಓಡಿಸಬೇಡ ತಾಯಿ," ಎಂದರು ಅಜ್ಜಿ. "ಇವಳು ಎದ್ದು ನಿಂತ ವರ್ಷವೇ ಇವಳಮ್ಮ ತೀರಿಕೊಂಡ್ಲು. ಸಾವಿನ ಮನೇಲಿ ಹಬ್ಬ ಹೇಗೆ ಮಾಡೋದು? ಕಾಲಿನ ದಾರ ಕತ್ತರಿಸಲೇ ಇಲ್ಲ. ತಪ್ಪು ನಂದು."

ಕೂಸು ಹೆಜ್ಜೆಯಿಡತೊಡಗಿದಾಗ ಅದರ ಕಾಲುಗಳಿಗೆ ಕಪ್ಪು ಬಿಳಿ ಉಣ್ಣೆಯ ದಾರ ಕಟ್ಟಿ, ಓಟದ ಪಂದ್ಯವಿಟ್ಟು, ಗೆದ್ದವರಿಂದ ಅದನ್ನು ತುಂಡು ಮಾಡಿಸಿ, ಅವರ ಕೈಯಲ್ಲೇ ಕೂಸನ್ನು ನಡೆಸುವುದು ನಮ್ಮವರ ಪದ್ಧತಿ. ಎಡವಿದವರನ್ನು "ದಾರ ಕತ್ತರಿಸಿಲ್ವೇನೆ?" ಎಂದು ಎಲ್ಲರೂ ಛೇಡಿಸುತ್ತಾರೆ. ನನ್ನ ಪಾಲಿಗೆ ಅದು ನಿಜವೇ ಆಗಿತ್ತು. ಓಟದ ಗೆರೆಯ ಮೇಲೆ ನಿಂತಾಗಲೆಲ್ಲ ಕಾಣದ ದಾರವೊಂದು ಬಿಗಿಯುತ್ತಿತ್ತು.

ನನಗೆ ವಿನಾಯಿತಿ ಕೊಡುವುದು ಎಜೆಯವರಿಗೆ ಸುಲಭವಿತ್ತು. ಮೂಢನಂಬಿಕೆಯೆಂದು ಅಜ್ಜಿಯನ್ನು ಸಾಗಹಾಕುವುದು ಇನ್ನೂ ಸುಲಭ. ಅವರು ಎರಡನ್ನೂ ಮಾಡಲಿಲ್ಲ.

"ನಾಳೆ ಹಬ್ಬದ ಬೋರ್ಸೋಕ್ ಕರಿದು ತನ್ನಿ, ಅಪಾ. ಮಕ್ಕಳಿಗೆಲ್ಲ ಸಾಕಾಗೋಷ್ಟು," ಎಂದು ಅಜ್ಜಿಗೆ ಹೇಳಿ ಮತ್ತೆ ಗುಡಿಸತೊಡಗಿದರು.

ಮರುದಿನ ಹದಿನೈದರ ಹುಡುಗಿಯಾದ ನನ್ನ ಕಾಲಿಗೆ ಅವರೇ ಮಂಡಿಯೂರಿ ದಾರ ಕಟ್ಟಿದರು. ತರಗತಿಯೆಲ್ಲ ಓಡಿತು. ಗೆದ್ದು ಬಂದವಳು, ನನ್ನನ್ನು ಎಲ್ಲರಿಗಿಂತ ಹೆಚ್ಚು ಕಾಡುತ್ತಿದ್ದ ನುರ್ಜಮಾಲ್.

"ಅಲುಗಾಡಬೇಡ್ವೇ ಕೂಸೇ, ಕಾಲು ಕುಯ್ದುಬಿಟ್ಟೇನು," ಎಂದು ಚಾಕು ಆಡಿಸಿದಳು. ಎಲ್ಲರೂ ನಕ್ಕರು. ದಾರ ತುಂಡಾಯಿತು.

"ಎಲ್ಲಿಗೆ ಹೊರಟೆ?" ಎಂದರು ಎಜೆ ಅವಳಿಗೆ. "ಕತ್ತರಿಸಿದವಳೇ ಕೈಹಿಡಿದು ನಡೆಸಬೇಕು. ಒಂದು ಕಿಲೋಮೀಟರ್ ನಡೆಸು."

"ಅಯ್ಯೋ ಎಜೆ, ಈಗ ತಾನೇ ಓಡಿದ್ದೀನಿ!"

"ಗೆಲ್ಲು ಅಂತ ನಾನು ಹೇಳಿದ್ನಾ?"

ನುರ್ಜಮಾಲ್ ಗೊಣಗುತ್ತಲೇ ನನ್ನ ಕೈ ಹಿಡಿದಳು. ವಸಂತದವರೆಗೂ ದಿನವೂ ಹಿಡಿದಳು. ಪರೀಕ್ಷೆಯ ದಿನ ನಾನೊಬ್ಬಳೇ ಓಡಿದೆ. ನಡುವೆ ಬಿದ್ದೆ, ಎದ್ದೆ. ಎಜೆಯವರು ನನಗಾಗಿ ಗಡಿಯಾರವನ್ನು ಅರೆಗಳಿಗೆಯೂ ನಿಲ್ಲಿಸಲಿಲ್ಲ. ಎಲ್ಲರಿಗಿಂತ ಕೊನೆಗೆ, ಆದರೆ ವೇಳೆಯೊಳಗೇ ಮುಟ್ಟಿದೆ. ಬೇಲಿಯಾಚೆ ನಿಂತಿದ್ದ ಅಜ್ಜಿ ಅಳುತ್ತಿದ್ದರು. ಇಂದಿಗೂ ಆಸ್ಪತ್ರೆಯಲ್ಲಿ ರೋಗಿಯೊಬ್ಬರು ಕೂಗಿದರೆ ದಾದಿಯಾದ ನನ್ನ ಕಾಲುಗಳು ಯೋಚಿಸುವುದಿಲ್ಲ, ಓಡುತ್ತವೆ.

ಈಗ ನನ್ನ ಮೊಮ್ಮಗಳು ಗೋಡೆ ಹಿಡಿದು ನಿಲ್ಲುತ್ತಿದ್ದಾಳೆ. ಬೇಸಿಗೆಗೆ ನಡೆಯುವ ದಾರ ಕತ್ತರಿಸುವ ಓಟಕ್ಕೆ ಬೀಗರು ತಮ್ಮ ಕಡೆಯವರನ್ನು ಆಗಲೇ ಆರಿಸಿಟ್ಟಿದ್ದಾರೆ. ಎಜೆಯವರಿಗೆ ದೇವರು ದೀರ್ಘಾಯುಸ್ಸು ಕೊಡಲಿ, ಅಂಗಳಗಳು ಇನ್ನೂ ಬಹುಕಾಲ ಅವರ ಕೂಗು ಕೇಳಲಿ, ಈ ಬೇಸಿಗೆಯವರೆಗಾದರೂ ಅವರ ಮೊಣಕಾಲು ಗಟ್ಟಿಯಾಗಿರಲಿ. ಹೆಂಗಸರ ಓಟಕ್ಕೆ ನಿಲ್ಲುವವರೆಲ್ಲ ಅವರ ಶಿಷ್ಯೆಯರೇ. ಎಜೆಯವರೇ ಓಟದ ಗೆರೆಗೆ ಬಂದರೆ ಅವರನ್ನು ಹಿಂದೆ ಹಾಕುವ ಧೈರ್ಯ ಯಾರಿಗಿದೆ? ಚಾಕು ಯಾರ ಕೈಗೆ ಹೋಗಬೇಕೆಂದು ನಾನು ತೀರ್ಮಾನಿಸಿಯಾಗಿದೆ. ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ.