ನಡುಮನೆಯಲ್ಲಿ ಪ್ಲೇಗ್ ಕ್ಯಾಂಪು

ಮೂವತ್ತರ ದಶಕದ ಮೊದಲ ವರ್ಷಗಳು. ಶಿವಮೊಗ್ಗದಿಂದ ವರ್ಗವಾಗಿ ಭದ್ರಾವತಿಗೆ ಹೆಲ್ತ್ ಇನ್‌ಸ್ಪೆಕ್ಟರಾಗಿ ಬಂದಿದ್ದೆ. ಚಳಿಗಾಲ ಬಂತೆಂದರೆ ನಮ್ಮ ಇಲಾಖೆಯವರಿಗೆ ನೆಮ್ಮದಿಯಿಲ್ಲ, ಅದು ಪ್ಲೇಗಿನ ಕಾಲ. ಮನೆಯಲ್ಲಿ ಇಲಿ ತಾನಾಗಿ ಸತ್ತು ಬಿದ್ದರೆ ರೋಗ ಬಂತೆಂದೇ ಅರ್ಥ. ಆ ಮನೆಯವರು, ಅಕ್ಕಪಕ್ಕದವರು ಊರಾಚೆಯ ಬಯಲಿನ ಸೋಗೆ ಗುಡಿಸಲಿಗೆ ಹೋಗಬೇಕು. ಅದಕ್ಕೆ ಕ್ಯಾಂಪು ಎನ್ನುತ್ತಿದ್ದೆವು. ಜನ ಇಲಿ ಬಿದ್ದದ್ದನ್ನು ಮುಚ್ಚಿಡುತ್ತಿದ್ದರು. ಪತ್ತೆ ಹಚ್ಚಿ ಹೊರಡಿಸುವುದು ನನ್ನ ಕೆಲಸ. ನಾನೋ ಸಿಡುಕಿನವನು, ಯಾರ ಗೋಳನ್ನೂ ಪೂರ್ತಿ ಕೇಳಿದವನಲ್ಲ.

ಆ ಡಿಸೆಂಬರಿನಲ್ಲಿ ಹಳೇಪೇಟೆಯಲ್ಲಿ ಇಲಿ ಬಿದ್ದ ಮನೆಯೊಂದನ್ನು ಬಿಡಿಸಲು ಹೋದಾಗ ಗಂಗಮ್ಮ ಎಂಬಾಕೆ ಬಾಗಿಲಿಗೆ ಅಡ್ಡ ನಿಂತಳು. ಸೊಸೆ ಹೆತ್ತು ಹನ್ನೊಂದು ದಿನ. "ಈ ಚಳೀಲಿ ಹಸಿ ಬಾಣಂತೀನ ಬಯಲಿಗೆ ಹಾಕ್ಲಾ ಸ್ವಾಮಿ?" ಎಂದಳು. "ಒಂದು ತಿಂಗಳು ತಾನೆ, ಹೊಂದ್ಕೊಂಡು ಇರ್ಬೇಕಮ್ಮ" ಎಂದು ಬೀಗ ಹಾಕಿಸಿ ಬಂದೆ.

ಕ್ರಿಸ್‌ಮಸ್ ರಜೆ ಶುರುವಾಯಿತು. ರೋಗದ ಭಯಕ್ಕೆ ನನ್ನ ಮಕ್ಕಳನ್ನು ಬೀದಿಗೆ ಬಿಡುತ್ತಿರಲಿಲ್ಲ. ಎಂಟು ವರ್ಷದ ಕಮಲ, ಆರರ ರಾಜು ಮನೆಯೊಳಗೇ ಕಿತ್ತಾಡಿಕೊಂಡಿದ್ದರು. ನನಗೂ ಕೂತಲ್ಲಿ ಕೂರಲಾಗದು. ಮನೆಯಲ್ಲಿದ್ದಷ್ಟು ಹೊತ್ತೂ ಅವರ ಹಣೆ ಮುಟ್ಟುವುದು, ಕಂಕುಳಲ್ಲಿ ಗಡ್ಡೆ ಎದ್ದಿದೆಯೇ ಎಂದು ಒತ್ತಿ ನೋಡುವುದು. ಹೆಂಡತಿ ಸೀತೆಗೆ ಆಗ ಒಂಬತ್ತು ತಿಂಗಳು.

ಒಂದು ಮಧ್ಯಾಹ್ನ ಊಟಕ್ಕೆ ಬಂದರೆ, ನಡುಮನೆಯ ಕಂಬದಿಂದ ಕಿಟಕಿಗೆ ಸೀರೆ ಕಟ್ಟಿ ಕ್ಯಾಂಪು ಹೂಡಿದ್ದರು. ಒಳಗೆ ರಾಜು, ಒಂದು ಚೊಂಬು, ಹಾಸಿಗೆ ಸುರುಳಿ. ಹೊರಗೆ ನನ್ನ ಹಳೇ ಟೋಪಿ ಹಾಕಿಕೊಂಡ ಕಮಲ.

"ಒಳಗೆ ಬಾರೇ" ಅಂದ ರಾಜು.

"ಇನ್‌ಸ್ಪೆಕ್ಟ್ರು ಒಳಗೆ ಬರಲ್ಲ ಕಣೋ. ಹೊರಗಿಂದ್ಲೇ ಬರ್ಕೊಂಡು ಹೋಗ್ತಾರೆ. ಹೇಳು, ಇಲಿ ಎಲ್ಲಿ ಬಿತ್ತು?"

"ಒಲೆ ಹಿಂದೆ. ಅಮ್ಮ ಮೊರದಲ್ಲಿ ಎತ್ಕೊಂಡು ಹೋಗಿ ಹಿತ್ತಲಲ್ಲಿ ಹೂತ್ಬಿಟ್ಲು."

ಕಮಲ ತಟ್ಟನೆ ಅವನ ಬಾಯಿ ಮುಚ್ಚಿ ನನ್ನ ಕಡೆ ನೋಡಿದಳು. ನನಗೆ ಬರುತ್ತಿದ್ದ ನಗು ಅಲ್ಲೇ ನಿಂತಿತು.

ಸೀತೆ ಇಲ್ಲವೆನ್ನಲಿಲ್ಲ. "ಮೊನ್ನೆ ಬಿತ್ತು. ನಿಮಗೆ ಹೇಳಿದ್ರೆ ಹೊರಡು ಅಂತೀರ. ಗುಡಿಸಲಲ್ಲಿ ಹೆರೋಕೆ ನನಗೆ ಹೆದರಿಕೆ" ಎಂದಳು. ರೇಗಲು ಬಾಯಿ ತೆರೆದವನಿಗೆ, ಎರಡು ದಿನದಿಂದ ಮಕ್ಕಳು ಚಳಿಗೆ ಆ ಒಲೆಯ ಪಕ್ಕವೇ ಮಲಗಿದ್ದು ನೆನಪಾಯಿತು. ಇಬ್ಬರನ್ನೂ ಹತ್ತಿರ ಎಳೆದು ಕಂಕುಳು ಒತ್ತಿ ನೋಡಿದೆ. ಮೂವರನ್ನೂ ಶಿವಮೊಗ್ಗಕ್ಕೆ, ಸೀತೆಯ ತವರಿಗೆ ರೈಲು ಹತ್ತಿಸಿಬಿಡೋಣ ಎನ್ನಿಸಿತು. ಆದರೆ ಸೋಂಕಿನ ಮನೆಯವರು ಬೇರೆ ಊರಿಗೆ ಹೋಗಕೂಡದೆಂದು ಊರಿಗೆಲ್ಲ ನೋಟೀಸು ಅಂಟಿಸಿದವನೇ ನಾನು. ಸಂಜೆಯೊಳಗೆ ಅಕ್ಕಪಕ್ಕದವರನ್ನು ಹೊರಡಿಸಿ, ನನ್ನ ಬಾಗಿಲಿಗೆ ನಾನೇ ಬೀಗ ಹಾಕಿದೆ.

ನಮಗೆ ಸಿಕ್ಕಿದ್ದು ಗಂಗಮ್ಮನ ಪಕ್ಕದ ಗುಡಿಸಲು. ಬಗ್ಗಿ ಒಳಗೆ ಹೋದೆ. ಸೋಗೆಯ ಸಂದಿಯಿಂದ ಗಾಳಿ ನುಗ್ಗುತ್ತಿತ್ತು, ನೆಲವೆಲ್ಲ ತೇವ. ಇಂಥ ಎಷ್ಟೋ ಗುಡಿಸಲುಗಳನ್ನು ರಿಜಿಸ್ಟರಿನಲ್ಲಿ ಬರೆದಿದ್ದೆ, ಒಳಗೆ ಕಾಲಿಟ್ಟದ್ದು ಅವತ್ತೇ.

ಗಂಗಮ್ಮ ಸೊಸೆಯ ಅಗ್ಗಿಷ್ಟಿಕೆಯಿಂದ ಒಂದಷ್ಟು ಕೆಂಡ ತಂದು ಸೀತೆಯ ಹತ್ತಿರ ಇಟ್ಟಳು. "ಒಂದು ತಿಂಗಳು ತಾನೆ ಸ್ವಾಮಿ, ಹೊಂದ್ಕೊಂಡು ಇರ್ಬೇಕು" ಎಂದಳು. ಅದರಲ್ಲಿ ಕೊಂಕಿತ್ತೋ ಸಮಾಧಾನವಿತ್ತೋ ಇವತ್ತಿಗೂ ಗೊತ್ತಿಲ್ಲ.

ನಮ್ಮಲ್ಲಿ ಯಾರಿಗೂ ಗಡ್ಡೆ ಏಳಲಿಲ್ಲ. ಕಿರಿಯ ಮಗಳು ಹುಟ್ಟಿದ್ದು ಅಲ್ಲೇ, ಹೆರಿಗೆ ಮಾಡಿಸಿದ್ದು ಗಂಗಮ್ಮ. ಸರ್ವೀಸು ಮುಗಿಯುವವರೆಗೂ ನಾನು ಜನರನ್ನು ಮನೆ ಬಿಡಿಸಿದೆ, ಬಿಡಿಸದೆ ವಿಧಿಯಿರಲಿಲ್ಲ. ಆದರೆ ಮೊದಲು ಅವರು ಹೋಗಬೇಕಾದ ಗುಡಿಸಲಿನೊಳಗೆ ಒಂದಷ್ಟು ಹೊತ್ತು ಕೂತು, ಗಾಳಿ ಬರುವ ಕಡೆ ಚಾಪೆ ಕಟ್ಟಿಸಿ, ಆಮೇಲೆ ಹೋಗಿ ಅವರ ಬಾಗಿಲು ತಟ್ಟುತ್ತಿದ್ದೆ.