ನಾಲ್ವರು ಕೂತರೆ ಉಜ್ಜುವ ಗಾಡಿ

ಕೊಟ್ಟೂರಿನಿಂದ ಕೂಡ್ಲಿಗಿಗೆ ಹೋಗುವ ರಸ್ತೆಯಲ್ಲಿ ಗಂಗಾಧರನ ಟೈರ್ ಅಂಗಡಿ ಇದೆ. ಯಾವ ಗಾಡಿಗೆ ಯಾವ ಟೈರ್ ಹೊಂದುತ್ತದೆ ಎಂಬುದನ್ನು ಸುತ್ತಲ ನಾಲ್ಕು ತಾಲ್ಲೂಕಿನಲ್ಲಿ ಅವನಷ್ಟು ಚೆನ್ನಾಗಿ ಹೇಳುವವರಿಲ್ಲ. ಅಂಥವನ ಸ್ವಂತ ಕಾರಿಗೇ ಟೈರ್ ಹೊಂದುತ್ತಿರಲಿಲ್ಲ. ದೀಪದ ಬುಡದಲ್ಲೇ ಕತ್ತಲೆ ಎಂದು ಜನ ನಗುತ್ತಿದ್ದರು. ಅವನೂ ಅವರ ಜೊತೆ ನಗುತ್ತಿದ್ದ, ಬೇರೇನು ಮಾಡಿಯಾನು?

ಕಾರು ಮೊದಲು ಹಗರಿಬೊಮ್ಮನಹಳ್ಳಿಯ ಪ್ರವೀಣಕುಮಾರ್ ಎಂಬ ಶೋಕಿವಾಲನದಾಗಿತ್ತು. ಗಾಡಿ ನೆಲಕ್ಕೆ ಅಂಟಿಕೊಂಡು ಓಡಬೇಕೆಂದು ಅವನು ಸ್ಪ್ರಿಂಗಿನ ಎರಡು ಸುತ್ತು ಕತ್ತರಿಸಿ ಅದರ ಮೈ ಇಳಿಸಿದ್ದ. ಅಷ್ಟಕ್ಕೂ ಸಮಾಧಾನವಾಗದೆ, ಕಂಪನಿಯ ಹದಿನಾಲ್ಕು ಇಂಚಿನ ರಿಮ್ ಬಿಚ್ಚಿಸಿ ಹದಿನೈದು ಇಂಚಿನದು ಹಾಕಿಸಿ, ಮೇಲೆ ದಪ್ಪ ಟೈರ್ ತೊಡಿಸಿದ್ದ. ಮೈ ಕೆಳಗಿಳಿಯಿತು, ಚಕ್ರ ದೊಡ್ಡದಾಯಿತು, ನಡುವೆ ಎರಡು ಬೆರಳು ಜಾಗ ಉಳಿಯಿತು. ಒಬ್ಬನೇ ಓಡಿಸಿದರೆ ಏನೂ ತೊಂದರೆಯಿಲ್ಲ. ಹಿಂದಿನ ಸೀಟಿನಲ್ಲಿ ಇಬ್ಬರು ಕೂತರೆ ಸಾಕು, ರಸ್ತೆಗೆ ಅಡ್ಡ ಬರುವ ಪ್ರತಿ ಹಂಪಿಗೂ ಟೈರು ಮಡ್‌ಗಾರ್ಡಿಗೆ ಉಜ್ಜಿ ಕರ್ ಎಂದು ಅರಚುತ್ತಿತ್ತು. ಮದುವೆಯಾದ ಹೊಸದರಲ್ಲಿ ಹೆಂಡತಿಯ ಕಡೆಯವರನ್ನೆಲ್ಲ ಕೂರಿಸಿಕೊಂಡು ಹೋಗಿ ಮಾನ ಕಳೆದುಕೊಂಡ ಮೇಲೆ, ಪ್ರವೀಣಕುಮಾರ್ ಅದನ್ನು ಗಂಗಾಧರನಿಗೆ ಮಾರಿ ಕೈತೊಳೆದುಕೊಂಡ.

ಗಂಗಾಧರ ನಾಲ್ಕು ವರ್ಷ ಹಾಗೆಯೇ ಓಡಿಸಿದ. ಅವನಿಗೆ ಟೈರಿನ ಬರವಿರಲಿಲ್ಲ, ಹಿಂದಿನ ಸೀಟಿನಲ್ಲಿ ಕೂರುವವರ ಬರವಿತ್ತು. ಅಂಗಡಿಯ ಹಿಂದಿನ ಒಂದು ಕೋಣೆಯಲ್ಲಿ ಅವನ ಸಂಸಾರ, ಅಂದರೆ ಅವನೊಬ್ಬನೇ. ಬೆಳಗಿನ ಚಹಾ ಎದುರಿನ ದೊಡ್ಡಬೀರಪ್ಪನ ಹೋಟೆಲಿನಲ್ಲಿ. ಮಧ್ಯಾಹ್ನ ಮಾಡಿದ ಅನ್ನವೇ ರಾತ್ರಿಗೂ. ಹಬ್ಬದ ದಿನ ಅಂಗಡಿ ಮುಚ್ಚಿದರೆ ಹೊತ್ತು ಹೋಗುವುದಿಲ್ಲವೆಂದು ಹಬ್ಬದ ದಿನವೂ ತೆರೆಯುತ್ತಿದ್ದ.

ಅವನಿಗೆ ಯಾರೂ ಇಲ್ಲವೆಂದಲ್ಲ. ಗುಡೇಕೋಟೆಯ ಕುರಿ ಸಾಕುವ ಮನೆತನ. ತಂದೆತಾಯಿ ಹೋದ ಮೇಲೆ ಉಳಿದವಳು ಒಬ್ಬಳೇ ಅಕ್ಕ, ಪಂಪಮ್ಮ. ಅವನಿಗಿಂತ ಹತ್ತು ವರ್ಷ ದೊಡ್ಡವಳು, ಕಂಕುಳಲ್ಲಿ ಎತ್ತಿ ಆಡಿಸಿದವಳು. ಅವಳನ್ನು ಚಿಗಟೇರಿಯ ಚೌಡಣ್ಣನಿಗೆ ಕೊಟ್ಟಿತ್ತು. ಕೊಟ್ಟೂರಿನಿಂದ ಚಿಗಟೇರಿಯೇನು ದೂರವಲ್ಲ. ಆದರೆ ಅಕ್ಕ ತಮ್ಮ ಮಾತಾಡಿ ಹನ್ನೆರಡು ವರ್ಷವಾಗಿತ್ತು.

ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದು ಆ ಕಡೆಯ ರೂಢಿ. ಮಗಳು ಕೀರ್ತನಾಗೆ ಹತ್ತೊಂಬತ್ತು ತುಂಬಿದಾಗ ಪಂಪಮ್ಮ ಎಲೆ ಅಡಿಕೆ ಹಿಡಿದು ತಮ್ಮನ ಅಂಗಡಿಗೆ ಬಂದಳು. ಗಂಗಾಧರನಿಗೆ ಆಗ ಮೂವತ್ನಾಲ್ಕು.

“ಅಕ್ಕಾ, ಆಕೀನ್ನ ಹೆಗಲ ಮ್ಯಾಲೆ ಹೊತ್ತು ಆಡಿಸೀನಿ. ಓದತೀನಿ ಅಂತಾಳ, ಓದ್ಲಿ ಬಿಡು. ನನಗ ಬ್ಯಾಡ,” ಅಂದ ಅವನು.

“ನನ್ನ ಮಗಳು ನಿನಗ ಬ್ಯಾಡಾದ್ಲೇನು? ಹಂಗಾರ ನಾನೂ ಬ್ಯಾಡ ನಿನಗ,” ಎಂದು ಪಂಪಮ್ಮ ಎಲೆ ಅಡಿಕೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಆಡಿದ ಮಾತನ್ನು ನಡೆಸುವ ಹೆಂಗಸು. ಮೂರು ವರ್ಷದ ಹಿಂದೆ ಕೀರ್ತನಾಳ ಮದುವೆಗೆ ಗಂಗಾಧರ ಹೋದಾಗ, ಸೋದರಮಾವ ಮಾಡಬೇಕಾದ ಶಾಸ್ತ್ರವನ್ನೆಲ್ಲ ದೂರದ ಯಾರೋ ಒಬ್ಬ ಮಾಡಿದ. ಇವನು ಅಕ್ಕಿಕಾಳು ಹಾಕಿ, ಕೊನೆಯ ಪಂಕ್ತಿಯಲ್ಲಿ ಉಂಡು, ಯಾರಿಗೂ ಹೇಳದೆ ಬಂದುಬಿಟ್ಟ.

ಅಂಥದರಲ್ಲಿ ಒಂದು ಭಾನುವಾರ ಕೀರ್ತನಾಳ ಫೋನು ಬಂತು. ಅವಳು ಈಗ ಹಡಗಲಿಯಲ್ಲಿ ಹೈಸ್ಕೂಲ್ ಮೇಡಮ್ಮು. ಬಾಣಂತನಕ್ಕೆ ತವರಿಗೆ ಬಂದು ಐದು ತಿಂಗಳಾಗಿತ್ತು.

“ಮಾಮ, ಗುರುವಾರ ನನ್ನ ಗಂಡನ ಮನಿಗೆ ಕಳಿಸ್ತಾರ. ಕೂಸಿನ್ನ ನೀನ ಕರಕೊಂಡು ಹೋಗಿ ಮುಟ್ಟಸಬೇಕು. ನಾ ಹಟ ಹಿಡದು ಅಪ್ಪನ್ನ ಒಪ್ಪಿಸೀನಿ.”

“ಅಕ್ಕ ಬರ್ತಾಳೇನವ್ವ?”

ಕೀರ್ತನಾ ದನಿ ತಗ್ಗಿಸಿದಳು. “ಅವನ ಗಾಡಿ ಮಂದಿ ಕುಂತ್ರ ಅರಚ್ತೈತಂತ, ಕೂಸು ಅಂಜತೈತಿ, ನಾ ಕುಂದ್ರಂಗಿಲ್ಲ ಅಂತ ನೆಪ ತಗದಾಳ.”

ಗಂಗಾಧರ ಫೋನಿಟ್ಟು ಹೊರಗೆ ಬಂದು ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತ. ನೆಪವೇ ಇರಬಹುದು, ಆದರೆ ತೆಗೆದುಹಾಕಬಹುದಾದ ನೆಪ. ಅಕ್ಕ ತನ್ನ ಗಾಡಿಯಲ್ಲಿ ಒಮ್ಮೆ ಕೂತರೆ ಸಾಕು ಎಂದು ಅವನ ಜೀವ ಒದ್ದಾಡಿತು. ಹಳೇ ಮಾಡೆಲ್ಲಿನ ಸ್ಪ್ರಿಂಗ್ ತರಿಸಲು ಹದಿನೈದು ದಿನ ಬೇಕು, ಉಳಿದದ್ದು ನಾಲ್ಕೇ ದಿನ. ಏನು ಮಾಡಿದರೂ ಟೈರಿನಲ್ಲೇ ಮಾಡಬೇಕು.

ಟೈರಿನ ಮೇಲೆ 195/60 R15 ಎಂದಿತ್ತು. ಅಗಲ ನೂರ ತೊಂಬತ್ತೈದು ಮಿಲಿಮೀಟರ್, ಅದರಲ್ಲಿ ನೂರಕ್ಕೆ ಅರವತ್ತು ಪಾಲು ಪಕ್ಕದ ಗೋಡೆಯ ಎತ್ತರ, ರಿಮ್ಮು ಹದಿನೈದು ಇಂಚು. ಅದೇ ಅಗಲದಲ್ಲಿ 50ರ ಗೋಡೆಯದನ್ನು ಹಾಕಿದರೆ ಮೇಲೆ ಜಾಗವೇನೋ ಬರುತ್ತದೆ. ಆದರೆ ಚಕ್ರ ಗಿಡ್ಡವಾದಷ್ಟೂ ಗಾಡಿಯ ಹೊಟ್ಟೆಯೂ ಕೆಳಗೆ ಬರುತ್ತದೆ, ಮೊದಲೇ ಇಳಿಸಿದ ಗಾಡಿ, ಹಂಪಿಗೆ ಬಡಿಯುತ್ತದೆ. ಅಗಲ ಕಡಿಮೆಯಾಗದ್ದರಿಂದ ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಚಕ್ರ ಒಳಗೆ ಉಜ್ಜುವುದೂ ನಿಲ್ಲುವುದಿಲ್ಲ. 185/55 ಆದರೆ ಗೋಡೆ ಹದಿನೈದು ಮಿಲಿಮೀಟರ್ ಇಳಿಯುತ್ತದೆ, ಅಗಲ ಎರಡೂ ಕಡೆ ಐದೈದು ಬಿಡುತ್ತದೆ. ಚಕ್ರದ ಒಟ್ಟು ಎತ್ತರ ಕಂಪನಿ ಕೊಟ್ಟಿದ್ದಕ್ಕೆ ಹೆಚ್ಚುಕಡಿಮೆ ಸಮ, ವೇಗದ ಮೀಟರೂ ಸುಳ್ಳು ಹೇಳುವುದಿಲ್ಲ. ಭಾರ ಹೊರುವ ನಂಬರನ್ನೂ ಹಳೆಯ ಕಂಪನಿ ಟೈರಿನ ನಂಬರಿಗೆ ಹೋಲಿಸಿ ನೋಡಿದ. ಗಿರಾಕಿಗೆ ಅರೆಗಳಿಗೆಯಲ್ಲಿ ಹೇಳುವ ಉತ್ತರ, ತನ್ನ ಗಾಡಿಗೆ ಬಂದಾಗ ಮೂರು ಸಲ ಲೆಕ್ಕ ಹಾಕಿದ.

ಮಂಗಳವಾರ ಟೈರ್ ಬಂದವು, ಹಾಕಿದ. ಮಡ್‌ಗಾರ್ಡಿನ ಒಳ ಅಂಚಿಗೆ ಎಲೆಗೆ ಹಚ್ಚುವ ಸುಣ್ಣವನ್ನು ದಪ್ಪಗೆ ಬಳಿದ. ಉಜ್ಜಿದರೆ ಟೈರಿಗೆ ಬೆಳ್ಳಗೆ ಹತ್ತುತ್ತದೆ, ಸುಳ್ಳು ಹೇಳಲು ಬರುವುದಿಲ್ಲ. ಡಿಕ್ಕಿಯಲ್ಲಿ ಒಂದು ಚೀಲ ಮೆಕ್ಕೆಜೋಳ ಇಟ್ಟು, ದೊಡ್ಡಬೀರಪ್ಪನ ಹೋಟೆಲಿಗೆ ಹೋಗಿ, “ಯಾರಾರ ಮೂರು ಮಂದಿ ಬರ್ರಿ, ಗಾಡಿನಾಗ ಕುಂದ್ರಬೇಕು” ಅಂದ.

“ಎಲ್ಲಿಗೋ ಗಂಗಾಧರ?” ಎಂದ ದೊಡ್ಡಬೀರಪ್ಪ.

“ಎಲ್ಲಿಗೂ ಇಲ್ಲ. ಸುಮ್ನ ಕುಂದ್ರೂದು.”

ದೊಡ್ಡಬೀರಪ್ಪ ತಾನೇ ಇಬ್ಬರನ್ನು ಎಬ್ಬಿಸಿಕೊಂಡು ಬಂದ. ಮೂವರೂ ತೂಕದ ಆಸಾಮಿಗಳು. ಕೂಡ್ಲಿಗಿ ರಸ್ತೆಯ ಹಂಪುಗಳ ಮೇಲೆ ನಾಲ್ಕು ಸಲ ಹಾಯಿಸಿ ಬಂದರು. ದಾರಿಯುದ್ದಕ್ಕೂ ಅವರು ಮಳೆಯ ಮಾತು, ಚುನಾವಣೆಯ ಮಾತು ಆಡಿಕೊಂಡು ನಕ್ಕರು. ತುಂಬಿದ ಗಾಡಿಯೊಳಗಿನ ಆ ಗದ್ದಲ ಗಂಗಾಧರನಿಗೆ ಎಷ್ಟು ಹಿತವಾಯಿತೆಂದರೆ, ನಾಲ್ಕು ಸಲ ಸಾಕಾಗಿದ್ದರೂ ಐದನೆಯ ಸಲ ಹಾಯಿಸಿದ. ಇಳಿದು ನೋಡಿದರೆ ಟೈರು ಕಪ್ಪಗೇ ಇತ್ತು, ಸುಣ್ಣದ ಗುರುತಿಲ್ಲ.

ಗುರುವಾರ ಚಿಗಟೇರಿಯಲ್ಲಿ ಚೌಡಣ್ಣ ಮುಂದಿನ ಸೀಟಿನಲ್ಲಿ ಕೂತ. ಕೀರ್ತನಾ ಕೂಸನ್ನು ಹಿಡಿದು ಹಿಂದೆ ಕೂತಳು. ತೊಟ್ಟಿಲಿನ ಬಿಡಿಭಾಗ, ಸಜ್ಜೆಯ ಚೀಲ ಡಿಕ್ಕಿಗೆ ಹೋದವು. ಪಂಪಮ್ಮ ಬಾಗಿಲಲ್ಲೇ ನಿಂತಿದ್ದಳು.

“ನೀವು ನಡೀರಿ. ಆ ಗಾಡಿ ಭಾರ ತಡಿಯಂಗಿಲ್ಲ. ನಾ ಬಸ್ಸಿಗೆ ಬರ್ತೀನಿ,” ಎಂದು ಗಂಡನಿಗೆ ಹೇಳಿದಳು.

ಗಂಗಾಧರ ಕೆಳಗಿಳಿದು ಅವಳ ಮುಂದೆ ಹೋಗಿ ನಿಂತ. “ಟೈರ್ ಬದ್ಲಿ ಮಾಡೀನಕ್ಕ. ಕುಂದ್ರು. ಉಜ್ಜಿದ ಸಪ್ಪಳ ಬಂದ್ರ ಅಲ್ಲೇ ಇಳಿಸಿ ಬಸ್ಸು ಹತ್ತಸ್ತೀನಿ.”

ನೆಪ ಕೈತಪ್ಪಿದ್ದಕ್ಕೋ, ಓಣಿಯ ಹೆಂಗಸರು ನೋಡುತ್ತಿದ್ದುದಕ್ಕೋ, ಪಂಪಮ್ಮ ಬಂದು ಕೂತಳು. ಕಿಟಕಿಗೆ ಮುಖ ಮಾಡಿ ಕೂತಳು.

ಮೊದಲ ಹಂಪು ಬಂದಾಗ ನಾಲ್ವರೂ ಉಸಿರು ಬಿಗಿಹಿಡಿದರು. ಸದ್ದಿಲ್ಲ. ಎರಡನೆಯದಕ್ಕೂ ಇಲ್ಲ. ಹರಪನಹಳ್ಳಿ ದಾಟಿತು, ಕೂಸು ನಿದ್ದೆ ಹೋಯಿತು, ಪಂಪಮ್ಮ ಒಂದು ಮಾತೂ ಆಡಲಿಲ್ಲ. ಟೈರಿನ ಸದ್ದು ನಿಲ್ಲಿಸಿದವನಿಗೆ ಅಕ್ಕನ ಬಾಯಿ ಬಿಡಿಸುವುದು ತಿಳಿಯಲಿಲ್ಲ. ಹಿಂದಿನ ಸೀಟು ತುಂಬಿಯೂ ಅವನು ಒಬ್ಬನೇ ಓಡಿಸುತ್ತಿದ್ದಂತೆ ಇತ್ತು.

ಹಡಗಲಿಯಲ್ಲಿ ಕೀರ್ತನಾ ಕೂಸನ್ನು ಅವನ ಕೈಗೆ ಕೊಟ್ಟು, “ಹೊಸ್ತಿಲ ನೀನ ದಾಟಸು ಮಾಮ” ಅಂದಳು. ಟೈರಿನ ಮಸಿ ಹೋಗದ ಆ ಕೈಗಳಲ್ಲಿ ಕೂಸು ಕಣ್ಣುಬಿಟ್ಟು ಅವನನ್ನೇ ನೋಡಿತು. ಅವನಿಗೆ ಒಮ್ಮೆಲೇ ಅಳು ಬಂತು. ಕೆಮ್ಮಿದಂತೆ ಮಾಡಿ ನುಂಗಿಕೊಂಡ.

ಉಂಡು, ಸಂಜೆಯ ಬಿಸಿಲಲ್ಲಿ ಮೂವರು ಹೊರಟರು. ಚೌಡಣ್ಣ ಕೂತಲ್ಲೇ ಗೊರಕೆ ಹೊಡೆಯತೊಡಗಿದ. ಆಗ ಹಿಂದಿನಿಂದ ಪಂಪಮ್ಮನ ದನಿ ಬಂತು.

“ಅವತ್ತು ನೀ ಹೂಂ ಅಂದಿದ್ರ ಆ ಕೂಸು ನಿನ್ನ ಮನ್ಯಾಗ ಇರ್ತಿತ್ತು.”

“ಹೌದಕ್ಕ.”

“ನನ್ನ ಮಗಳು ಬ್ಯಾಡಾದ್ಲು, ಹೋಗ್ಲಿ. ಬ್ಯಾರೆ ಕಡೀಗೆ ಯಾಕ ಮಾಡಿಕೊಳ್ಳಲಿಲ್ಲ? ಹೆಣ್ಣು ಸಿಗಲಿಲ್ಲೇನು?”

“ಸಿಕ್ಕಿತ್ತಕ್ಕ. ಕೋಗಳಿಯಿಂದ ಒಂದು ಬಂದಿತ್ತು. ಚೊಲೋ ಹುಡುಗಿ.” ಗಂಗಾಧರ ರಸ್ತೆಯನ್ನೇ ನೋಡುತ್ತ ಹೇಳಿದ. “ಅಕ್ಕನ ಮಗಳ್ನ ಬಿಟ್ಟು ಹೊರಗಿನಾಕೀನ್ನ ತಂದ್ರ ಮಂದಿ ಏನಂತಾರ? ಹುಡುಗೀದಾಗ ಏನೋ ಐಬು ಐತಿ, ಸೋದರಮಾವನ ಒಲ್ಲೆ ಅಂದ ಅಂತಾರ. ಮುಂದ ಆಕೀನ್ನ ಯಾರು ಕೇಳ್ತಾರ? ಮದ್ಲು ಆಕೀದು ಆಗ್ಲಿ, ಆಮ್ಯಾಲೆ ನಂದು ನೋಡಿದ್ರಾತು ಅಂತ ಕುಂತೆ. ಆಕಿ ಓದಿ, ನೌಕರಿ ಹಿಡದು, ಮದುವಿ ಆಗೂದ್ರಾಗ ಒಂಬತ್ತು ವರ್ಷ ಹೋದ್ವು.”

ಪಂಪಮ್ಮ ಸೀಟಿನ ಅಂಚಿಗೆ ಸರಿದು ಮುಂದಕ್ಕೆ ಬಾಗಿದಳು. “ಇದನ್ನ ನನಗೊಂದು ಮಾತು ಹೇಳಬಾರದಿತ್ತೇನೋ?”

“ನೀ ಮಾತಾಡಸ್ತಿದ್ದಿಲ್ಲಲ್ಲಕ್ಕ.”

ಚಿಗಟೇರಿಯಲ್ಲಿ ಚೌಡಣ್ಣ ಇಳಿದು ಒಳಗೆ ಹೋದ. ಪಂಪಮ್ಮ ಇಳಿದವಳು ಕಾರಿನ ಬಾಗಿಲು ಮುಚ್ಚದೆ ಹಿಡಿದುಕೊಂಡೇ ನಿಂತಳು.

“ವಯಸ್ಸೆಷ್ಟಾತೋ ನಿನಗ?”

ಎತ್ತಿ ಆಡಿಸಿದ ತಮ್ಮನ ವಯಸ್ಸು ಅವಳಿಗೆ ಗೊತ್ತಿಲ್ಲದ್ದಲ್ಲ.

“ನಲವತ್ತಾರಕ್ಕ.”

ಅದೇನು ಮಹಾ ವಯಸ್ಸು ಎನ್ನಲು ಬಾಯಿ ತೆರೆದವಳು ಹಾಗೇ ಬಾಗಿಲಿಗೆ ಹಣೆಯಿಟ್ಟು ಅತ್ತಳು. ಗಂಗಾಧರ ಗಾಡಿ ಬಂದ್ ಮಾಡಿ ಇಳಿದು ಬಂದ. ಹನ್ನೆರಡು ವರ್ಷದಿಂದ ಯಾರನ್ನೂ ಸಮಾಧಾನ ಮಾಡಿ ಗೊತ್ತಿಲ್ಲದ ಅವನು, ಕೈ ಎಲ್ಲಿಡಬೇಕೆಂದು ತಿಳಿಯದೆ, ಅಕ್ಕನ ಪಕ್ಕದಲ್ಲಿ ಸುಮ್ಮನೆ ನಿಂತುಕೊಂಡ.